ಹೈಡ್ರಾಲಿಕ್ ಮೋಟಾರು, ಕಬ್ಬು ಕಟಾವು ಯಂತ್ರದ

ಒತ್ತಡದ ಎಣ್ಣೆಯಿಂದ ತಿರುಗುವ ಮೋಟಾರು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಕಬ್ಬಿನ ಹೊಲಕ್ಕೆ ಇಳಿಯುವ ಕಟಾವು ಯಂತ್ರಗಳಲ್ಲಿ ಬುಡ ಕತ್ತರಿಸುವ ಬ್ಲೇಡುಗಳನ್ನು ತಿರುಗಿಸುವುದು ಇದೇ.

ಬ್ಲೇಡು ನಿಧಾನವಾದರೆ, ಶಾಫ್ಟಿನ ಬಳಿ ಎಣ್ಣೆ ಜಿನುಗಿದರೆ ಬಿಚ್ಚಿ ನೋಡಬೇಕಾದೀತು. ಪಂಪು, ರಿಲೀಫ್ ವಾಲ್ವುಗಳ ಒತ್ತಡ ಅಳೆಯದೆ ಕೈಹಾಕುವುದು ಮಾತ್ರ ದುಡುಕು.

ಎಂಜಿನ್ ನಿಲ್ಲಿಸಿ ಒತ್ತಡ ಇಳಿಸುವುದು ಮೊದಲ ಕೆಲಸ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮಿದ ಎಣ್ಣೆಯೂ ಚರ್ಮದೊಳಗೆ ಹೊಕ್ಕು ಬೆರಳನ್ನೇ ಕಳೆಯಬಲ್ಲದು. ಹೊರಮೈಯ ಎರೆಮಣ್ಣು, ರವದಿ (ಕಬ್ಬಿನ ಒಣ ಎಲೆ) ತೊಳೆದು, ಹೋಸ್‌ಗಳ ಬಾಯಿ ಮುಚ್ಚಿ, ಕವಚದ ಭಾಗಗಳಿಗೆ ಅಡ್ಡಗೆರೆ ಎಳೆದು ಗುರುತು ಮಾಡಿದ ಮೇಲೆಯೇ ಬೋಲ್ಟು ಸಡಿಲಿಸಬೇಕು.

ಒಳಗಿನ ನಯವಾದ ಮೈಯಲ್ಲಿ ಉಗುರಿಗೆ ತಾಕುವ ಗೀರಿದ್ದರೆ ಎಣ್ಣೆಯಲ್ಲಿ ಕಸ ಸೇರಿರುವ ಸಾಧ್ಯತೆ ಹೆಚ್ಚು; ಫಿಲ್ಟರನ್ನೂ ಬದಲಿಸಬೇಕು. ಹಳೆಯ ಸೀಲು ಮತ್ತೆ ಹಾಕುವಂತಿಲ್ಲ. ಪಿಸ್ಟನ್ ಮೋಟಾರಾದರೆ ಕವಚಕ್ಕೆ ಶುದ್ಧ ಎಣ್ಣೆ ತುಂಬಿಸಿಯೇ ಚಾಲೂ ಮಾಡಬೇಕು.