ಸಿಗ್‌ವಿನ್ ಪರಿಸರದಲ್ಲಿ ಥ್ರೆಡ್-ಸುರಕ್ಷಿತ ಫಂಕ್ಷನ್‌ಗಳು: ಒಂದು ಚಾರಿತ್ರಿಕ ವಿವೇಚನೆ

ಶಾಸನ, ಕಡತಗಳಂತೆಯೇ ಯಂತ್ರದ ಕೈಪಿಡಿಯೂ ಚರಿತ್ರಕಾರನಿಗೆ ಒಂದು ಆಧಾರವೇ ಸರಿ. 1979ರ ಯುನಿಕ್ಸ್ ಏಳನೆಯ ಆವೃತ್ತಿಯ ಕೈಪಿಡಿಯಲ್ಲಿ, ಕಾಲವನ್ನು ತಿಳಿಸುವ 'ಲೋಕಲ್‌ಟೈಮ್' ಮೊದಲಾದ ಫಂಕ್ಷನ್‌ಗಳ ವಿವರಣೆಯ ಕೊನೆಗೆ, ದೋಷಗಳೆಂಬ ತಲೆಬರಹದ ಕೆಳಗೆ, ಒಂದು ಚಿಕ್ಕ ಒಪ್ಪಿಗೆಯುಂಟು: ಉತ್ತರವನ್ನಿಡುವ ಸ್ಥಳವು ಒಂದೇ ಆದುದರಿಂದ ಪ್ರತಿಯೊಂದು ಕರೆಯೂ ಹಿಂದಿನ ಉತ್ತರವನ್ನು ಅಳಿಸಿಹಾಕುವುದು. ನಮ್ಮ ವಿವೇಚನೆಗೆ ಈ ವಾಕ್ಯವೇ ಮೂಲ.

ಪ್ರೋಗ್ರಾಮಿನೊಳಗೆ ಆಜ್ಞೆಗಳ ಹರಿವು ಒಂದೇ ಆಗಿದ್ದ ಆ ದಿನಗಳಲ್ಲಿ ಇದರಿಂದ ಹೆಚ್ಚಿನ ಬಾಧೆಯಿರಲಿಲ್ಲ. ಆದರೆ ಥ್ರೆಡ್‌ಗಳೆಂಬ ಹಲವು ಹರಿವುಗಳು ಒಂದೇ ಸ್ಮೃತಿಯನ್ನು ಹಂಚಿಕೊಂಡು ಏಕಕಾಲದಲ್ಲಿ ನಡೆಯತೊಡಗಿದ ಮೇಲೆ, ಒಂದು ಥ್ರೆಡ್ ಕೇಳಿದ ದಿನಾಂಕದ ಸ್ಥಳದಲ್ಲಿ ಮತ್ತೊಂದು ಕೇಳಿದ ದಿನಾಂಕವು ಬಂದು ಕೂರುವ ಸಂಭವವೊದಗಿತು. ಪ್ರೋಗ್ರಾಮು ಆಗ ನಿಲ್ಲುವುದಿಲ್ಲ. ತಪ್ಪನ್ನೇ ದಾಖಲೆಯಲ್ಲಿ ಬರೆದು ಮುಂದೆ ಸಾಗುತ್ತದೆ. ಇದನ್ನು ತಪ್ಪಿಸಲು 1995ರ ಪೋಸಿಕ್ಸ್ ಥ್ರೆಡ್ ಮಾನಕವು ಹೆಸರಿನ ಕೊನೆಗೆ 'ಆರ್' ಅಕ್ಷರವನ್ನು ಸೇರಿಸಿದ ಹೊಸ ರೂಪಗಳನ್ನು ವಿಧಿಸಿತು. ಇವುಗಳಲ್ಲಿ ಉತ್ತರದ ಸ್ಥಳವನ್ನು ಕರೆಯುವವನೇ ಒದಗಿಸಬೇಕು.

ಅದೇ 1995ರಲ್ಲಿ ಸಿಗ್ನಸ್ ಸಲ್ಯೂಷನ್ಸ್ ಸಂಸ್ಥೆಯ ಸ್ಟೀವ್ ಚೇಂಬರ್ಲೇನ್ ಅವರು, ಯುನಿಕ್ಸಿಗಾಗಿ ಬರೆದ ಪ್ರೋಗ್ರಾಮುಗಳನ್ನು ವಿಂಡೋಸ್ ಮೇಲೆ ಮತ್ತೆ ಕಂಪೈಲ್ ಮಾಡಿ ನಡೆಸುವ ಸಲುವಾಗಿ ಸಿಗ್‌ವಿನ್ನಿನ ಕಾರ್ಯವನ್ನಾರಂಭಿಸಿದರು. ಅದು ಆಶ್ರಯಿಸಿದ ಸಿ ಭಾಷೆಯ ಲೈಬ್ರರಿ ನ್ಯೂಲಿಬ್. ಈ ಲೈಬ್ರರಿಯು ದೋಷಸಂಖ್ಯೆಯೇ ಮುಂತಾದ ಆಂತರಿಕ ಸ್ಥಿತಿಗಳನ್ನು ಒಂದು ರಚನೆಯಲ್ಲಿ ಕೂಡಿಸಿಡುತ್ತದೆ. ಸಿಗ್‌ವಿನ್ ಅದರ ಒಂದೊಂದು ಪ್ರತಿಯನ್ನು ಪ್ರತಿ ಥ್ರೆಡ್‌ಗೂ ಕೊಡುತ್ತದೆ. ಆದುದರಿಂದ 'ಸ್ಟ್ರ್‌ಟಾಕ್_ಆರ್', 'ಲೋಕಲ್‌ಟೈಮ್_ಆರ್' ಎಂಬ ಹೊಸ ರೂಪಗಳು ಇಲ್ಲಿ ಲಭ್ಯವಿರುವುದಲ್ಲದೆ, ವಾಕ್ಯವನ್ನು ತುಂಡುಗಳಾಗಿ ಬಿಡಿಸುವ ಹಳೆಯ 'ಸ್ಟ್ರ್‌ಟಾಕ್' ಕೂಡ ತಾನು ನಿಂತ ಸ್ಥಳವನ್ನು ಥ್ರೆಡ್‌ಗೊಂದರಂತೆ ನೆನಪಿಡುತ್ತದೆ.

ಇಷ್ಟರಿಂದ ಹಳೆಯ ರೂಪವೇ ಸಾಕೆಂದು ನಿರ್ಣಯಿಸಬಹುದೆ? ಸಾಧ್ಯವಿಲ್ಲವೆಂದು ನಮ್ಮ ಅಭಿಪ್ರಾಯ. ಒಂದೇ ಥ್ರೆಡ್ ಒಂದು ವಾಕ್ಯವನ್ನು ಬಿಡಿಸುವ ನಡುವೆ ಮತ್ತೊಂದನ್ನು ಕೈಗೆತ್ತಿಕೊಂಡರೆ ಮೊದಲನೆಯದರ ನೆನಪು ಅಳಿಯುತ್ತದೆ. ಅಲ್ಲದೆ, 'ಸ್ಟ್ರ್‌ಟಾಕ್' ಥ್ರೆಡ್-ಸುರಕ್ಷಿತವಾಗಿರಲೇಬೇಕೆಂದು ಪೋಸಿಕ್ಸ್ ಎಲ್ಲಿಯೂ ವಿಧಿಸಿಲ್ಲ. ಸಿಗ್‌ವಿನ್ನಿನಲ್ಲಿ ದೊರೆಯುವ ಸುರಕ್ಷತೆಯು ಆ ಪರಿಸರದ ಔದಾರ್ಯವೇ ಹೊರತು ಮಾನಕದ ವಾಗ್ದಾನವಲ್ಲ. ಅದನ್ನೇ ನಂಬಿದ ಪ್ರೋಗ್ರಾಮು ಬೇರೊಂದು ವ್ಯವಸ್ಥೆಗೆ ಹೋದಾಗ ಸದ್ದಿಲ್ಲದೆ ಕೆಡಬಹುದು. ಬೇರೆಡೆಗೆ ಒಯ್ಯುವುದಕ್ಕೆಂದೇ ಹುಟ್ಟಿದ ಪರಿಸರದಲ್ಲಿ ಇದು ಅಲ್ಪ ಸಂಗತಿಯಲ್ಲ.

ರೂಢಿಯಿಂದ ನಡೆದುಬಂದುದಕ್ಕೂ ನಿಬಂಧನೆಯಿಂದ ಸಿದ್ಧಿಸಿದುದಕ್ಕೂ ಇರುವ ಭೇದವು ರಾಜ್ಯಗಳ ಚರಿತ್ರೆಯಲ್ಲಿ ನಮಗೆ ಪರಿಚಿತವಾದುದೇ. ಗಣಕದ ಚರಿತ್ರೆಯನ್ನು ಓದುವ ವಿದ್ಯಾರ್ಥಿಯೂ ಅದನ್ನು ಮರೆಯಬಾರದು.