ದಂತ ಚಿಕಿತ್ಸೆಯ ಕುರಿತು ದೂರು ಸಲ್ಲಿಸುವ ವಿಧಾನ: ಕಾಳಗಿ ಮತ್ತು ನೆರೆಯ ಪ್ರದೇಶಗಳ ರೋಗಿಗಳಿಗೆ ಮಾಹಿತಿ

ಕಾಳಗಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಭಾಗದ ರೋಗಿಗಳು ಹಲ್ಲಿನ ಚಿಕಿತ್ಸೆಯಲ್ಲಿ ಲೋಪವಾಗಿದೆಯೆಂದು ಭಾವಿಸಿದಲ್ಲಿ ದೂರು ಸಲ್ಲಿಸಲು ಹಲವು ಪ್ರಾಧಿಕಾರಗಳಿವೆ. ವೈದ್ಯರ ಮೇಲೆ ಶಿಸ್ತುಕ್ರಮ, ಹಣದ ಪರಿಹಾರ, ಅನಧಿಕೃತ ಚಿಕಿತ್ಸಾಲಯದ ಮೇಲೆ ಕ್ರಮ ಇವು ಮೂರೂ ಒಂದೇ ಕಚೇರಿಯಲ್ಲಿ ದೊರೆಯುವುದಿಲ್ಲ. ಇದನ್ನರಿಯದೆ ತಿಂಗಳುಗಟ್ಟಲೆ ಅಲೆದವರಿಗೆ ಕಾಲಮಿತಿಯೇ ಮೀರಿಹೋಗುವ ಸಂಭವವಿದೆ.

ಮೊದಲು ದಾಖಲೆಗಳನ್ನು ಸಂಗ್ರಹಿಸತಕ್ಕದ್ದು. ಔಷಧ ಚೀಟಿ, ರಸೀದಿ, ಎಕ್ಸ್-ರೇ ಹಾಗೂ ಸಹಿ ಮಾಡಿದ ಒಪ್ಪಿಗೆ ಪತ್ರದ ಪ್ರತಿ ಮುಖ್ಯವಾದವು. ದಂತವೈದ್ಯರ ಪರಿಷ್ಕೃತ ನೀತಿಸಂಹಿತೆ, 2014ರ ಪ್ರಕಾರ ಚಿಕಿತ್ಸಾ ದಾಖಲೆಗಳನ್ನು ಕನಿಷ್ಠ 3 ವರ್ಷ ಕಾಯ್ದಿರಿಸಬೇಕು. ರೋಗಿಯು ಕೋರಿದಲ್ಲಿ 72 ಗಂಟೆಗಳೊಳಗೆ ಒದಗಿಸಬೇಕು. ಕೋರಿಕೆಯನ್ನು ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯುವುದು ಲೇಸು. ಬಾಯಿಮಾತಿನ ಕೋರಿಕೆಗೆ ಮುಂದೆ ಸಾಕ್ಷ್ಯವಿರುವುದಿಲ್ಲ.

ಎಲ್ಲ ತೊಂದರೆಯೂ ನಿರ್ಲಕ್ಷ್ಯವಲ್ಲ. ಬೇರುನಾಳ ಚಿಕಿತ್ಸೆಯ ವೇಳೆ ಸೂಕ್ಷ್ಮ ಉಪಕರಣದ ತುದಿ ಮುರಿಯುವುದು ನುರಿತ ವೈದ್ಯರ ಕೈಯಲ್ಲಿಯೂ ಸಂಭವಿಸಬಹುದು. ಆದರೆ ಅದನ್ನು ರೋಗಿಗೆ ತಿಳಿಸದೆ ಮುಚ್ಚಿಡುವುದು ಬೇರೆ ಮಾತು. ನೋವಿರುವ ಹಲ್ಲನ್ನು ಬಿಟ್ಟು ಬೇರೊಂದನ್ನು ಕೀಳುವುದಕ್ಕೆ ಸಮರ್ಥನೆ ದೊರೆಯುವುದು ಕಷ್ಟ. ಸಂಶಯವಿದ್ದಲ್ಲಿ ಕಲಬುರಗಿಯ ದಂತವೈದ್ಯಕೀಯ ಕಾಲೇಜುಗಳಲ್ಲಿ ಎರಡನೆಯ ಅಭಿಪ್ರಾಯ ಪಡೆಯಬಹುದು. ಊತ, ಜ್ವರ ಅಥವಾ ನಿಲ್ಲದ ರಕ್ತಸ್ರಾವವಿದ್ದಲ್ಲಿ ಚಿಕಿತ್ಸೆಯೇ ಮೊದಲು, ದೂರು ಆನಂತರ.

ವೈದ್ಯರ ವೃತ್ತಿ ದುರ್ನಡತೆಯ ದೂರನ್ನು ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ದಂತವೈದ್ಯಕೀಯ ಪರಿಷತ್ತಿಗೆ ಲಿಖಿತವಾಗಿ ಸಲ್ಲಿಸಬಹುದಾಗಿದೆ. ಉಭಯ ಪಕ್ಷಗಳನ್ನು ಆಲಿಸಿದ ನಂತರ ಪರಿಷತ್ತು ಎಚ್ಚರಿಕೆ ನೀಡಬಹುದು ಅಥವಾ ನೋಂದಣಿ ಪುಸ್ತಕದಿಂದ ಹೆಸರನ್ನು ತೆಗೆಯಬಹುದು. ಪರಿಹಾರದ ಹಣ ಕೊಡಿಸುವ ಅಧಿಕಾರ ಅದಕ್ಕಿಲ್ಲ. 2023ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ದಂತ ಆಯೋಗ ಅಧಿನಿಯಮವೂ ಇಂತಹ ದೂರುಗಳ ವಿಚಾರಣೆಯನ್ನು ರಾಜ್ಯ ಪರಿಷತ್ತಿಗೇ ವಹಿಸಿದೆ. ವೈದ್ಯರ ನೋಂದಣಿ ಸಂಖ್ಯೆಯು ಚಿಕಿತ್ಸಾಲಯದಲ್ಲಿಯೂ ರಸೀದಿಯಲ್ಲಿಯೂ ಇರತಕ್ಕದ್ದು. ದೂರಿನಲ್ಲಿ ಅದನ್ನು ನಮೂದಿಸಬೇಕು.

ನೋಂದಣಿಯೇ ಇಲ್ಲದೆ ಸಂತೆಯಲ್ಲಿಯೋ ಬಸ್ ನಿಲ್ದಾಣದ ಬಳಿಯೋ ಹಲ್ಲು ಕೀಳುವವರು, ಕಟ್ಟುವವರು ಪರಿಷತ್ತಿನ ಶಿಸ್ತಿಗೆ ಒಳಪಡುವುದಿಲ್ಲ. ಅಂಥವರ ವಿರುದ್ಧ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ ದೂರು ನೀಡಬೇಕು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಅಡಿಯಲ್ಲಿ ದಂತ ಚಿಕಿತ್ಸಾಲಯಗಳಿಗೂ ನೋಂದಣಿ ಕಡ್ಡಾಯ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಹಾಗೂ ಕುಂದುಕೊರತೆ ನಿವಾರಣಾ ಪ್ರಾಧಿಕಾರವು ದರಪಟ್ಟಿ ಪ್ರದರ್ಶಿಸದಿರುವುದು, ಅದಕ್ಕಿಂತ ಹೆಚ್ಚು ಹಣ ಪಡೆಯುವುದು ಮುಂತಾದ ದೂರುಗಳನ್ನು ಪರಿಶೀಲಿಸುತ್ತದೆ.

ಪರಿಹಾರ ಬಯಸುವವರು ಕಲಬುರಗಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದ ಮೊರೆ ಹೋಗಬಹುದು. ಹಣ ಪಡೆದು ನೀಡುವ ವೈದ್ಯಕೀಯ ಸೇವೆಯು ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ ತೀರ್ಪಿತ್ತಿದೆ. ಚಿಕಿತ್ಸೆಯನ್ನು ಹೈದರಾಬಾದಿನಲ್ಲಿ ಪಡೆದಿದ್ದರೂ 2019ರ ಅಧಿನಿಯಮದಂತೆ ರೋಗಿಯು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ದಾಖಲಿಸಬಹುದು. ವಕೀಲರು ಕಡ್ಡಾಯವಲ್ಲ. ಚಿಕಿತ್ಸೆಗೆ ಪಾವತಿಸಿದ ಹಣ 5 ಲಕ್ಷ ರೂಪಾಯಿ ಮೀರದಿದ್ದಲ್ಲಿ ಶುಲ್ಕವಿಲ್ಲ. ಕಾಲಮಿತಿ 2 ವರ್ಷ. ವಿಳಂಬಕ್ಕೆ ಸೂಕ್ತ ಕಾರಣ ತೋರಿಸಬೇಕಾಗುತ್ತದೆ. ಪರಿಷತ್ತಿನಲ್ಲಿ ವಿಚಾರಣೆ ನಡೆಯುತ್ತಿದೆಯೆಂದು ಈ ಅವಧಿಯನ್ನು ಕಳೆದುಕೊಳ್ಳಬಾರದು. ಎರಡೂ ಕಡೆ ಏಕಕಾಲಕ್ಕೆ ದೂರು ಸಲ್ಲಿಸಲು ಅಡ್ಡಿಯಿಲ್ಲ.

ಎಲ್ಲರಿಗೂ ಉಚಿತವಾಗಿ ಸೇವೆ ನೀಡುವ ಸರ್ಕಾರಿ ಆಸ್ಪತ್ರೆಗಳು ಗ್ರಾಹಕ ಆಯೋಗದ ವ್ಯಾಪ್ತಿಗೆ ಬರುವುದಿಲ್ಲ. ಅವುಗಳ ಕುರಿತು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿ, ತಾಲ್ಲೂಕು ಆರೋಗ್ಯಾಧಿಕಾರಿ, ಅನಂತರ ಜಿಲ್ಲಾಧಿಕಾರಿಗಳ ಮಟ್ಟದಲ್ಲಿ ದೂರು ನೀಡಬಹುದು. 104 ಆರೋಗ್ಯವಾಣಿಯೂ ದೂರು ಸ್ವೀಕರಿಸುತ್ತದೆ. ಲಂಚ ಕೇಳಿದಲ್ಲಿ ಲೋಕಾಯುಕ್ತಕ್ಕೆ ತಿಳಿಸಬೇಕು. ವಾಡಿ, ಶಹಾಬಾದ್ ಭಾಗದ ಕಾರ್ಮಿಕರಲ್ಲಿ ರಾಜ್ಯ ವಿಮಾ ಯೋಜನೆಗೆ ಒಳಪಟ್ಟವರ ಸ್ಥಿತಿ ಇದಕ್ಕಿಂತ ಭಿನ್ನ. ವಂತಿಗೆ ಪಾವತಿಸುವ ಕಾರಣ ಅವರು ಗ್ರಾಹಕರೇ ಎಂದು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಹೇಳಿದ್ದು, ಇ.ಎಸ್.ಐ. ಆಸ್ಪತ್ರೆಯ ಸೇವಾಲೋಪದ ವಿರುದ್ಧವೂ ಆಯೋಗದಲ್ಲಿ ದೂರು ದಾಖಲಿಸಬಹುದಾಗಿದೆ.