ಮೃದು ಪ್ಲಾಸ್ಟಿಕ್ ಹುಸಿ ಎರೆ: ಬಣ್ಣ ಹೊಂದಿಕೆ

ಮನೆಯಲ್ಲೇ ಎರಕ ಹೊಯ್ಯುವ ಮೀನುಗಾಳದ ಕೃತಕ ಎರೆಗೆ, ಅದು ಚಲಿಸುವ ನೀರನ್ನು ನೋಡಿಕೊಂಡು ಬಣ್ಣ ಕೂಡಿಸುವ ವಿಧಾನ. ಇದರ ಮೂಲದ್ರವ್ಯ ಪ್ಲಾಸ್ಟಿಸಾಲ್, ಅಂದರೆ ಮೆದುಕಾರಕ ದ್ರವದಲ್ಲಿ ತೇಲುವ ಪಿವಿಸಿ ಪುಡಿ. ಹಸಿಯಾಗಿದ್ದಾಗ ಹಾಲಿನಂತೆ ಬೆಳ್ಳಗಿರುವ ಇದು ಸುಮಾರು 175 ಡಿಗ್ರಿ ಸೆಲ್ಸಿಯಸ್‌ಗೆ ಕಾಯ್ದಾಗ ತಿಳಿಯಾಗುತ್ತದೆ. ಆದ್ದರಿಂದ ಹಸಿ ದ್ರವದ ಬಣ್ಣ ನಂಬಲರ್ಹವಲ್ಲ. ಕಾಯ್ದ ದ್ರವಕ್ಕೆ ಹನಿಹನಿಯಾಗಿ ಬಣ್ಣ ಬೆರೆಸಿ, ಎರೆಯಷ್ಟೇ ದಪ್ಪದ ತುಣುಕನ್ನು ತಣಿಸಿ, ಬೆಳಕಿಗೆ ಹಿಡಿದು ನೋಡಬೇಕು. ದಪ್ಪ ಬಟ್ಟಲಲ್ಲಿ ಕಪ್ಪಾಗಿ ಕಂಡದ್ದು ತೆಳು ಬಾಲದಲ್ಲಿ ಬರಿಯ ಹೊಗೆಬಣ್ಣವಾಗಬಹುದು. ಗಾಢವಾದರೆ ಬಣ್ಣವಿಲ್ಲದ ದ್ರವ ಸೇರಿಸಿ ತಿಳಿಗೊಳಿಸುವುದೊಂದೇ ದಾರಿ. ಅತಿಯಾಗಿ ಕಾಯಿಸಿದರೆ ಪಿವಿಸಿ ಹಳದಿಗಟ್ಟಿ, ಹೈಡ್ರೋಜನ್ ಕ್ಲೋರೈಡ್ ಎಂಬ ಹಾನಿಕರ ಅನಿಲ ಹೊಮ್ಮುತ್ತದೆ. ಗಾಳಿಯಾಡುವ ಜಾಗ ಅನಿವಾರ್ಯ.

ಕದಡಿದ ನೀರಿನಲ್ಲಿ ಬಣ್ಣದಿಂದೇನು ಪ್ರಯೋಜನ ಎಂಬ ಆಕ್ಷೇಪವುಂಟು. ಚೆನ್ನೈನ ಅಡಯಾರ್ ಅಳಿವೆ, ಎಣ್ಣೂರು ಕೊಲ್ಲಿ, ಮುಟ್ಟುಕಾಡು ಹಿನ್ನೀರುಗಳು ಈಶಾನ್ಯ ಮಾರುತದ ಅಕ್ಟೋಬರ್–ಡಿಸೆಂಬರ್ ಮಳೆಗೆ ಕೆಸರಾಗುವುದು ನಿಜ. ಆದರೆ ಆಗ ಕಳೆದುಹೋಗುವುದು ಬಣ್ಣದ ಸೂಕ್ಷ್ಮ ಛಾಯೆ. ಬೆಳಕು–ನೆರಳಿನ ವ್ಯತ್ಯಾಸ ಅಷ್ಟು ಬೇಗ ಅಳಿಯದು. ತಮಿಳರು ಕೊಡುವಾ ಎನ್ನುವ ಬಾರಮುಂಡಿ ಕೆಳಗಿನಿಂದ ಎರಗುವಾಗ ಅದಕ್ಕೆ ಮೊದಲು ಕಾಣುವುದು ಆಕಾಶದೆದುರಿನ ಕಪ್ಪು ಆಕೃತಿ. ಹೀಗಾಗಿ ಕೆಸರಿಗೆ ಗಾಢ ಅಥವಾ ಅಪಾರದರ್ಶಕ ಬಣ್ಣ, ತಿಳಿನೀರಿಗೆ ಅರೆಪಾರದರ್ಶಕ ಮೈ ಮತ್ತು ಬೆಳ್ಳಿಮಿನುಗು ಸೂಕ್ತ. ಕೊಂಡ ಎರೆಯೇ ಸಾಲದೇ ಎಂದರೆ, ಸಾಲುತ್ತದೆ. ನೀರು ಬದಲಾದಂತೆ ಬಣ್ಣವನ್ನೂ ಬದಲಿಸುವ ಸ್ವಾತಂತ್ರ್ಯ ಮಾತ್ರ ಮನೆಯ ಎರಕಕ್ಕೇ ಹೆಚ್ಚು.